ಗಂಟು ಬಿಚ್ಚುವ ಚಂದಯ್ಯ

ಚಟ್ಟದ ಬಿದಿರಿಗೆ ಬಾಳೆನಾರಿನ ಕೊನೆಯ ಸುತ್ತು ಬಿಗಿದು ಶೀನ ತಲೆಯೆತ್ತಿದಾಗ, ಹೊರುವುದಕ್ಕೆ ಅಂಗಳದಲ್ಲಿ ಇದ್ದವರು ಮೂವರೇ: ಸತ್ತವನ ತಮ್ಮನಾದ ಅವನು, ಯಡ್ತರೆಯಿಂದ ಅವನ ಜೊತೆ ರಾತ್ರಿಯಿಡೀ ನಡೆದು ಬಂದ ಇಬ್ಬರು ಭಾವಂದಿರು. ಬೇಲಿಯಾಚೆ ಮಾತ್ರ ಇಪ್ಪತ್ತು ಮಂದಿ ಕೈಕಟ್ಟಿ ನಿಂತಿದ್ದರು.

"ಹ್ವಾಯ್, ಯಾರಾರೂ ಒಬ್ರ್ ಬನ್ನಿ ಕಾಂಬ. ಸುಡುಗಾಡ್ ದೂರ ಇಲ್ಲೆ," ಎಂದು ಶೀನ ಕೂಗಿದ.

ಯಾರೂ ಮಿಸುಕಲಿಲ್ಲ. ಗಂಡನ ಹಣೆಗೆ ಗಂಧ ಹಚ್ಚುತ್ತಿದ್ದ ಗುಲಾಬಿ ತಲೆಯೆತ್ತದೆ ಕೇಳಿಸಿಕೊಂಡಳು. ನಿನ್ನೆ ಸಂಜೆ ಕುಂದಾಪುರದ ಕಡವಿನಲ್ಲಿ, ಯಾರದೋ ಅಕ್ಕಿ ಚೀಲಕ್ಕೆ ಮೊಣಕೈತನಕ ಕೈ ಹಾಕಿದ್ದ ಚಂದಯ್ಯ ಹಾಗೆಯೇ ಎದೆ ಹಿಡಿದು ಕುಸಿದಿದ್ದ. ದೋಣಿಗೆ ಕಾದಿದ್ದವರಲ್ಲಿ ಒಬ್ಬರೂ ಒಂದು ಗುಟುಕು ನೀರು ಕೊಟ್ಟಿರಲಿಲ್ಲ.

"ನಮ್ ಅಬ್ಬಿ ಸತ್ತ ಹನ್ನೆರಡ್ನೇ ದಿನಕ್ಕೆ ತಕಂಡ್ ಹೋಪು ಅಕ್ಕಿ ಇವ ನೆಲಕ್ಕೆ ಸುರಿದ," ಎಂದಳು ತಾಯಿಯನ್ನು ಕಳೆದುಕೊಂಡಿದ್ದ ಪಕ್ಕದ ಮನೆಯ ವನಜ, ಒಳಗೆ ಕೇಳಲಿ ಎಂದೇ. "ಬೇಡ್ಕಂಡ್ರೂ ಬಿಡ್ಲಿಲ್ಲೆ."

ಜನರ ನಡುವೆ ದಾರಿ ಮಾಡಿಕೊಂಡು ಗರ್ನಾಲಿನ ಮಂಜ ಒಳಬಂದ. ಶೀನನ ಮುಖ ಅರಳಿತು.

"ಹೊರುಕೆ ಬಂದದ್ದಲ್ಲ," ಎಂದ ಮಂಜ. "ಸತ್ತದ್ ಹೌದಾ ಅಂತ ಕಂಡ್ಕಂಡ್ ಹೋಪುಕೆ ಬಂದದ್."

ಹೆಣದ ಮುಖವನ್ನು ಸಾವಕಾಶವಾಗಿ ನೋಡಿ ಅವನು ಅಂಗಳದ ಮೂಲೆಗೆ ಸರಿದು ನಿಂತ.

*

ನಲವತ್ತೆರಡರ ಮಳೆಗಾಲದಲ್ಲಿ ಎಲ್ಲೆಲ್ಲೋ ತಂತಿ ಕತ್ತರಿಸಿದ, ಬಾಂಬು ಇಟ್ಟ ಸುದ್ದಿ ಬಂದು ಪೇಟೆ ಹೆದರಿಕೊಂಡಿತ್ತು. ಹೋಟೆಲಿನ ಬೆಂಚಿನ ಮೇಲೆ ಯಾರೋ ಮರೆತುಹೋದ ಬುತ್ತಿಪಾತ್ರೆಯನ್ನು ಕಂಡು ಜನ ಅರ್ಧ ತಿಂದ ದೋಸೆ ಬಿಟ್ಟು ಓಡಿದ್ದರು. ಹೊಳೆ ದಾಟಿ ಬರುವವರ ಗಂಟುಮೂಟೆ ನೋಡಬೇಕೆಂದು ಅಪ್ಪಣೆಯಾಯಿತು. ಕಡವಿನಲ್ಲಿ ಜವಾನನಾಗಿದ್ದ ಚಂದಯ್ಯನಿಗೆ ಆ ಕೆಲಸ ಬಿತ್ತು.

ಮೊದಲ ದಿನ ಮನೆಗೆ ಬಂದವನು ಊಟಕ್ಕೆ ಕೂತು ಎದ್ದುಬಿಟ್ಟ. "ಗಂಟ್ ಬಿಚ್ಚಿದಲ್ಲೆಲ್ಲ ನನ್ ಜೀವ ಹೋಯಿ ಬತ್ತ್ ಕಾಣ್," ಎಂದ.

ಎರಡು ತಿಂಗಳಾದ ಮೇಲೆ ಮಂಜನ ಬುಟ್ಟಿಯಲ್ಲಿ ಗರ್ನಾಲು ಸಿಕ್ಕಿದವು. ಮದುವೆಮನೆಯಲ್ಲಿ ಸಿಡಿಸಲು ಒಯ್ಯುತ್ತಿದ್ದ ಪಟಾಕಿ. ಚಂದಯ್ಯನಿಗೂ ಅದು ಗೊತ್ತಿತ್ತು. ಆದರೆ ಪಕ್ಕದಲ್ಲಿ ಪೊಲೀಸಿನವ ನಿಂತಿದ್ದ. ಚಂದಯ್ಯ "ಬಾಂಬಿನ ಮದ್ದು" ಎಂದು ಕೂಗಿದ. ಮಂಜ ಹನ್ನೊಂದು ತಿಂಗಳು ಜೈಲಿನಲ್ಲಿದ್ದ. ಅವನು ಒಳಗಿರುವಾಗಲೇ ಅವನ ತಾಯಿ ತೀರಿಕೊಂಡಳು. ಕೊಳ್ಳಿ ಇಡುವುದಕ್ಕೂ ಅವನನ್ನು ಬಿಡಲಿಲ್ಲ.

*

ಬಿಸಿಲೇರಿತು. ಬೇಲಿಗುಂಟ ಕೋಲು ಬಡಿಯುತ್ತ ಒಬ್ಬ ಬರುವ ಸದ್ದಾಗಿ ಜನ ಬದಿಗೆ ಸರಿದರು. ಅಂಚೆಯ ವೈಕುಂಠ. ಹೋದ ವರ್ಷ ಪೇಟೆಯಲ್ಲಿ ಅಂಚೆಪೆಟ್ಟಿಗೆಯ ಬುಡಕ್ಕೆ ಯಾರೋ ಇಟ್ಟಿದ್ದ ಡಬ್ಬಿ ಸಿಡಿದು ಅವನ ಎರಡು ಕಣ್ಣೂ ಹೋಗಿದ್ದವು.

"ಗುಲಾಬಕ್ಕ, ಜನ ಸಾಲ್ದಂಬ್ರ್. ನಾ ಹೊರ್ತೆ. ಕಣ್ಣಿಲ್ದಿರೆ ಎಂತ, ಹೆಗಲ್ ಇತ್ತಲೆ," ಎಂದ ವೈಕುಂಠ. ಬೇಲಿಯ ಕಡೆಗೆ ತಿರುಗಿ ದನಿ ಏರಿಸಿದ. "ಇವ್ರ್ ಗಂಟ್ ಬಿಚ್ಚದೆ ಇದ್ದಿದ್ರೆ ನನ್ನಂಗೆ ಇನ್ನೆಷ್ಟ್ ಜನ ಆತಿದ್ರೋ. ನಿಮ್ಗೆ ಅದ್ ಗೊತ್ತಿತ್ತಾ?"

ಶೀನ ಅವನ ಕೈ ಹಿಡಿದು ಚಟ್ಟದ ಬಲಗಡೆಯ ಬಿದಿರಿನ ಮೇಲಿಟ್ಟ. ವೈಕುಂಠ ಬಗ್ಗಿದ. ಗುಲಾಬಿ ಗಂಧದ ಬಟ್ಟಲನ್ನು ಕೆಳಗಿಟ್ಟಳು.

*

ಆ ಡಬ್ಬಿ ಸಿಡಿದ ಸಂಜೆ ಚಂದಯ್ಯ ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತು ಗುಲಾಬಿಯೊಬ್ಬಳಿಗೇ ಹೇಳಿದ್ದ. ಬೆಳಿಗ್ಗೆ ಮೊದಲ ದೋಣಿಯಲ್ಲಿ ಬಿಳಿ ಅಂಗಿಯ ಒಬ್ಬ ಬಂದಿದ್ದ. ಅವನ ಪಂಚೆಯ ಗಂಟಿನೊಳಗೆ ತಂತಿ ಸುತ್ತಿದ ತಗಡಿನ ಡಬ್ಬಿ ಇತ್ತು. ಮುಟ್ಟಿದ ಕೂಡಲೇ ಏನೆಂದು ತಿಳಿಯಿತು.

"ಕೂಗುಕೆ ಬಾಯಿ ತೆಗ್ದೆ. ಮಂಜನ ಅಬ್ಬಿ ಮುಖ ಕಂಡ್ಹಾಂಗ್ ಆಯ್ತ್," ಎಂದಿದ್ದ. "ಗಂಟ್ ವಾಪಾಸ್ ಕಟ್ಟಿ ಕೊಟ್ಟೆ. ಹೋಗ್ ಅಂದೆ."

ಮರುದಿನದಿಂದ ಅವನು ಯಾರ ಗಂಟನ್ನೂ ಬಿಡಲಿಲ್ಲ. ಅಕ್ಕಿ ಸುರಿಸಿದ, ಬಾಣಂತಿಯರ ಬಟ್ಟೆ ಕೊಡವಿದ, ಮೀನಿನ ಬುಟ್ಟಿ ಕವುಚಿದ. ಜನ ಉಗಿದರೆ ಒರೆಸಿಕೊಂಡು ಮುಂದಿನ ಗಂಟಿಗೆ ಕೈಯಿಕ್ಕಿದ.

*

"ವೈಕುಂಠಣ್ಣ, ನೀವ್ ಹೊರುದ್ ಬ್ಯಾಡ," ಎಂದಳು ಗುಲಾಬಿ.

"ಎಂತಕ್ಕೆ?"

"ಆ ಡಬ್ಬಿ ಇವ್ರ ಕೈ ದಾಟಿಯೇ ಪೇಟೆಗೆ ಹೋದದ್."

ವೈಕುಂಠ ಬಗ್ಗಿದಲ್ಲೇ ನಿಂತ. "ಇವ್ರಿಗೆ ಗೊತ್ತಾಯ್ಲಿಲ್ಯಾ?"

"ಗೊತ್ತಾಯ್ತ್."

"ಅತ್ತಿಗಿ, ನಿಮ್ಗೆ ಮಂಡೆ ಸಮ ಇಲ್ಯಾ?" ಎಂದು ಶೀನ ಹಲ್ಲು ಕಚ್ಚಿದ.

"ಗರ್ನಾಲ್ ಕಂಡ್ ಕೂಗ್ದ," ಎಂದ ಮಂಜ ಮೂಲೆಯಿಂದ. "ಬಾಂಬ್ ಕಂಡ್ ಸುಮ್ಮನಾದ." ಅಂಗಳಕ್ಕೆ ಉಗಿದು ಹೊರಟುಹೋದ.

ವೈಕುಂಠ ಬಿದಿರಿನಿಂದ ಕೈ ತೆಗೆದ. ಆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಸುಡು ತನಕ ಆದ್ರೂ ಸುಮ್ಮನಿಪ್ಪುಕೆ ಆಯ್ಲಿಲ್ಯಾ ನಿಮ್ಗೆ?" ಎಂದ.

"ಸುಟ್ಟ ಮೇಲೆ ಹೇಳು ಧೈರ್ಯ ನಂಗಿರ್ತಿಲ್ಲೆ."

ಅವನು ಕೋಲಿಗಾಗಿ ನೆಲ ತಡವತೊಡಗಿದ. ಗುಲಾಬಿ ಅದನ್ನು ಎತ್ತಿ ಅವನ ಕೈಗಿಟ್ಟಳು. ಆಮೇಲೆ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಚಟ್ಟದ ಬಲಗಡೆಗೆ ಬಂದು ಬಗ್ಗಿದಳು.

"ಹೆಂಗಸ್ರ್ ಹೊರು ಕ್ರಮ ಇಲ್ಲೆ ಅತ್ತಿಗಿ," ಎಂದ ಶೀನ.

"ಎತ್ತ್," ಎಂದಳು.

ಬೇಲಿಯ ಬಳಿಯವರು ಸೂತಕದವರಿಗೆ ಸರಿಯುವಂತೆ ಸರಿದರು. ಅವಳು ಗಂಡಸರಿಗಿಂತ ಗಿಡ್ಡ. ಹೆಣ ಗದ್ದೆಯ ಅಂಚಿನುದ್ದಕ್ಕೂ ಅವಳ ಕಡೆಗೇ ವಾಲಿಕೊಂಡು, ಮೂಡಲಿಗೆ ಸಾಗಿತು. ಹಿಂದೆ ಖಾಲಿಯಾದ ಅಂಗಳದಲ್ಲಿ ವೈಕುಂಠ ಒಬ್ಬನೇ ಉಳಿದಿದ್ದ. ಅವರು ಹೋದ ದಿಕ್ಕು ತಿಳಿಯದೆ ಪಡುವಣದ ಹೊಳೆಯ ಕಡೆಗೆ ಮುಖ ಮಾಡಿ ನಿಂತಿದ್ದ.