ಬೋರ್ಡೋದ ಹುಡುಗ

"ಹತ್ತು ವರ್ಷ ಹಾಗೇ ಇಟ್ಟರೆ ಇನ್ನೂ ಒಳ್ಳೆಯದಾಗ್ತದೆ ಅಂಕಲ್," ಎಂದ ಉಜ್ವಲ್.

ಸಂಕಪ್ಪನವರು ಬಾಯಿಗೆ ಒಯ್ದಿದ್ದ ಗೋಳಿಬಜೆಯನ್ನು ಮತ್ತೆ ತಟ್ಟೆಗೆ ಇಳಿಸಿದರು. "ಹತ್ತು ವರ್ಷವಾ! ಕಲಸಿದ ದಿನವೇ ಬಿಡದಿದ್ದರೆ ಬೋರ್ಡೋ ಹಾಳಲ್ವಾ ಮಾರಾಯ್ರೆ? ಅದಿರಲಿ, ಸುಣ್ಣ ಎಷ್ಟು ಹಾಕ್ತೀರಿ?"

ಚಹಾದ ಟ್ರೇ ಹಿಡಿದು ಬಂದ ಮಗಳು ಪ್ರಾಪ್ತಿ ಬಾಗಿಲ ಬಳಿಯೇ ನಿಂತುಬಿಟ್ಟಳು. ಹೆಣ್ಣು ನೋಡಲು ಬಂದಿದ್ದ ಉಜ್ವಲ್ ಕಣ್ಣು ಕಣ್ಣು ಬಿಟ್ಟು ಅವಳನ್ನು ನೋಡಿದ. ಅವಳು ನೆಲ ನೋಡಿದಳು.

ಮಡಂತ್ಯಾರಿನ ಸುತ್ತ ಬೋರ್ಡೋ ಎಂದರೆ ಒಂದೇ ಅರ್ಥ. ಮೈಲುತುತ್ತು, ಸುಣ್ಣ ಎರಡನ್ನೂ ನೀರಿನಲ್ಲಿ ಕಲಸಿ, ಅಡಿಕೆಗೆ ಕೊಳೆರೋಗ ತಾಗದಂತೆ ಮಳೆ ಹಿಡಿಯುವ ಮೊದಲು ಸಿಂಪಡಿಸುವ ನೀಲಿ ಮದ್ದು. ಅದು ಫ್ರಾನ್ಸಿನ ಒಂದು ಊರಿನ ಹೆಸರು, ಆ ಊರಿನ ದುಬಾರಿ ವೈನಿಗೂ ಅದೇ ಹೆಸರು ಎಂಬುದು ಆ ಮನೆಯಲ್ಲಿ ಪ್ರಾಪ್ತಿಗೆ ಮಾತ್ರ ಗೊತ್ತಿತ್ತು. ಹೇಳಿದವನು ಉಜ್ವಲನೇ. ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವಾಗಿನಿಂದ ಇಬ್ಬರಿಗೂ ಮನಸ್ಸಿತ್ತು. ಈಗ ಅವನು ದುಬಾಯಿಯ ದೊಡ್ಡ ಹೋಟೆಲೊಂದರಲ್ಲಿ ವೈನಿನ ಉಸ್ತುವಾರಿ.

ಸಂಬಂಧ ಕುದುರಿಸಲು ಹೊರಟ ಜತ್ತಪ್ಪ, ಪ್ರಾಪ್ತಿಯ ಸೋದರಮಾವ, ಕೆಲಸ ಏನೆಂದು ಕೇಳಿದಾಗ ಹುಡುಗ "ನಾನು ಬೋರ್ಡೋ ನೋಡಿಕೊಳ್ಳುವುದು" ಎಂದಿದ್ದ. ಮಾವ ಅದನ್ನು ಇದ್ದ ಹಾಗೆ ತಂದು ಭಾವನ ಕಿವಿಗೆ ಹಾಕಿದರು. ಅಡಿಕೆ ತೋಟದ ಸಂಕಪ್ಪನವರು, ಮದ್ದು ಬಲ್ಲ ಅಳಿಯ ಸಿಕ್ಕಿದನೆಂದು ಹಿಗ್ಗಿ ಹೀರೇಕಾಯಿಯಾದರು. "ದುಬಾಯಿಯಲ್ಲಿ ಅಡಿಕೆ ಉಂಟಾ?" ಎಂದು ಹೆಂಡತಿ ಕುಸುಮ ಕೇಳಿದ್ದಕ್ಕೆ, "ಖರ್ಜೂರಕ್ಕೆ ರೋಗ ಬರುವುದಿಲ್ವಾ?" ಎಂದು ಬಾಯಿ ಮುಚ್ಚಿಸಿದರು. ಅಪ್ಪನ ಆ ಖುಷಿ ಕಂಡು ಪ್ರಾಪ್ತಿಗೆ ನಿಜ ಹೇಳಲು ನಾಲಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಭಯಕ್ಕೆ ಕಾರಣವಿತ್ತು. ಸಂಕಪ್ಪನವರು ಒಂದು ಕಾಲದಲ್ಲಿ ಕುಡಿದು ನೀರು ಹರಿಯುವ ತೋಡಿನಲ್ಲಿ ಬಿದ್ದಿರುತ್ತಿದ್ದವರು. ಮದ್ಯವರ್ಜನ ಶಿಬಿರ ಅವರನ್ನು ಎತ್ತಿ ನಿಲ್ಲಿಸಿತ್ತು. ಈಗ ಬೆಳ್ತಂಗಡಿ ಕಡೆ ಎಲ್ಲಿ ಶಿಬಿರವಾದರೂ ಅವರ ಭಾಷಣ ಇದ್ದೇ ಇರುತ್ತದೆ. "ಶೀಷೆ ಮುಟ್ಟುವವನಿಗೆ ನನ್ನ ಮನೆಯಲ್ಲಿ ಅನ್ನ ಇಲ್ಲ" ಎಂಬುದು ಅದರ ಕೊನೆಯ ಮಾತು. ಹೆಣ್ಣು ನೋಡಲು ಬಂದವರಿಗೂ ಆ ಮನೆಯಲ್ಲಿ ಚಹಾ, ಗೋಳಿಬಜೆ ಅಷ್ಟೇ. ಒಪ್ಪಿಗೆಯಾದರೆ ಮಾತ್ರ ಊಟ.

ಪ್ರಾಪ್ತಿ ಟ್ರೇಯನ್ನು ಮೇಜಿನ ಮೇಲಿಟ್ಟಳು. "ಅಪ್ಪಾ, ಅದು ಬೇರೆ ಬೋರ್ಡೋ. ವೈನಿನ ಹೆಸರು. ನನಗೆ ಮೊದಲೇ ಗೊತ್ತಿತ್ತು. ಹೇಳ್ಲಿಕ್ಕೆ ಹೆದರಿಕೆ ಆಯ್ತು."

ಬದಿಯಲ್ಲಿ ಕುಳಿತಿದ್ದ ಜತ್ತಪ್ಪ ಗೋಳಿಬಜೆಯಲ್ಲಿ ಮುಳುಗಿಹೋದರು. ಸಂಕಪ್ಪನವರ ಮುಖ ಕಪ್ಪಿಟ್ಟಿತು.

"ಕುಡೀತೀರಾ?"

"ಇಲ್ಲ ಅಂಕಲ್. ಬಾಯಿಗೆ ಹಾಕಿ ರುಚಿ ನೋಡ್ತೇನೆ. ಮತ್ತೆ ಉಗುಳುವುದು."

"ಉಗುಳ್ಲಿಕ್ಕೆ ಸಂಬಳವಾ? ನಾನು ಈ ಜನ್ಮ ಇಡೀ ಎಲೆಯಡಿಕೆ ಉಗುಳಿದೆ, ಯಾರೂ ಚಿಕ್ಕಾಸು ಕೊಡಲಿಲ್ಲ!"

ಒಳಗಿನಿಂದ ಕುಸುಮಕ್ಕನ ನಗು ಕೇಳಿಸಿತು. ಆದರೆ ಸಂಕಪ್ಪನವರು ನಗಲಿಲ್ಲ. ತಟ್ಟೆಯನ್ನು ಬದಿಗೆ ಸರಿಸಿ, "ಮದ್ದಿಗೂ ಮದ್ಯಕ್ಕೂ ಒಂದೇ ಹೆಸರು ಹೇಗಾಯ್ತು?" ಎಂದರು.

ಉಜ್ವಲ್ ಹೇಳಿದ. ಫ್ರಾನ್ಸಿನ ಬೋರ್ಡೋ ಊರಿನಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನುತ್ತಿದ್ದರಂತೆ. ನೋಡಿದರೆ ವಿಷದಂತೆ ಕಾಣಲಿ ಎಂದು ರೈತರು ತುತ್ತು, ಸುಣ್ಣ ಕಲಸಿ ಎರಚಿದರಂತೆ. ರೋಗ ಬಂದು ತೋಟಗಳೆಲ್ಲ ಒಣಗಿದಾಗ ದಾರಿಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದವಂತೆ. ಹಾಗೆ ವೈನಿಗಿದ್ದ ಊರಿನ ಹೆಸರು ಮದ್ದಿಗೂ ಬಂತಂತೆ.

"ಓಹೋ, ಕಳ್ಳರಿಗೆ ಬಿಟ್ಟದ್ದು ರೋಗಕ್ಕೆ ತಾಗಿತು!" ಸಂಕಪ್ಪನವರು ತಮಗೆ ತಿಳಿಯದಂತೆಯೇ ಕುರ್ಚಿಯನ್ನು ಮುಂದೆ ಎಳೆದುಕೊಂಡಿದ್ದರು. "ಆ ಹೆಸರಿಗೆ ಅರ್ಥ ಎಂತ?"

"ನೀರಿನ ಬದಿ ಅಂತ ಹೇಳ್ತಾರೆ. ಅಲ್ಲೂ ಒಂದು ಹೊಳೆ ಉಂಟು."

ಸಂಕಪ್ಪನವರ ಕಣ್ಣು ಗೋಡೆಯ ಮೇಲಿನ ಮನೆಯ ಹೆಸರಿನತ್ತ ಹೋಯಿತು. 'ಸುದೆಬರಿ'. ತುಳುವಿನಲ್ಲಿ ಹೊಳೆಯ ಬದಿ ಎಂದೇ ಅರ್ಥ. ಅವರು ಬೈರಾಸು ಹೆಗಲಿಗೆ ಹಾಕಿ ಎದ್ದರು. "ಬನ್ನಿ. ನಮ್ಮ ಬೋರ್ಡೋ ತೋರಿಸ್ತೇನೆ."

ಪ್ರಾಪ್ತಿ ಅಡುಗೆಮನೆಯ ಕಿಟಕಿಗೆ ಓಡಿದಳು. ಅಂಗಳದಾಚೆ ಮದ್ದು ಕಲಸಿಟ್ಟ ಡ್ರಮ್ಮಿನ ಮುಂದೆ ಇಬ್ಬರೂ ನಿಂತಿದ್ದರು. ಅಪ್ಪ ಮದ್ದಿಗೆ ಕತ್ತಿ ಅದ್ದಿ, ತುಕ್ಕಿನ ಬಣ್ಣ ಕೂತಿಲ್ಲ, ಸುಣ್ಣದ ಹದ ಸರಿಯಿದೆ ಎಂದು ತೋರಿಸಿ, ಒಂದು ಚೊಂಬು ತುಂಬಿ ಹುಡುಗನ ಕೈಗೆ ಕೊಟ್ಟರು. ಅಭ್ಯಾಸಬಲ ನೋಡಿ! ಉಜ್ವಲ್ ಚೊಂಬನ್ನು ಮೆಲ್ಲಗೆ ತಿರುಗಿಸಿದ, ಬೆಳಕಿಗೆ ಓರೆ ಮಾಡಿ ಬಣ್ಣ ನೋಡಿದ, ಕಣ್ಣು ಮುಚ್ಚಿ ಮೂಗನ್ನು ಹತ್ತಿರ ಒಯ್ದ.

"ಅಯ್ಯಯ್ಯೋ, ಬಾಯಿಗೆ ಹಾಕಬೇಡ ಮಾರಾಯ! ಇದು ಉಗುಳಿದರೂ ಬಿಡ್ಲಿಕ್ಕಿಲ್ಲ!"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹಾಗೆ ನಕ್ಕದ್ದನ್ನು ಪ್ರಾಪ್ತಿ ಕಂಡು ಎಷ್ಟೋ ಕಾಲವಾಗಿತ್ತು. ನಗು ನಿಂತಮೇಲೆ ಅವರು ಕಣ್ಣೊರೆಸಿಕೊಂಡರು.

"ಒಂದು ಮಾತು ಹೇಳ್ತೇನೆ ಮಗಾ. ಬಾಯಿಗೆ ಹಾಕಿದ ಮೇಲೆ ಉಗುಳ್ಲಿಕ್ಕೆ ಗೊತ್ತಿಲ್ಲದೆಯೇ ನಾನು ಹಾಳಾದದ್ದು. ನಿನಗೆ ಅದು ಗೊತ್ತುಂಟು. ಮುಂದಿನ ಶಿಬಿರಕ್ಕೆ ನೀನೇ ಬಾ, ಭಾಷಣಕ್ಕೆ."

ನೀವು ಎನ್ನುತ್ತಿದ್ದವರು ನೀನು ಎಂದಿದ್ದರು. ಪ್ರಾಪ್ತಿ ಕಿಟಕಿಯ ಸರಳಿಗೆ ಮುಖ ಒತ್ತಿದಳು. ತಿರುಗಿ ನೋಡಿದರೆ ಅಮ್ಮನೂ ಒಗ್ಗರಣೆ ಸೌಟು ಹಿಡಿದುಕೊಂಡು ಕಿವಿಯಾಗಿ ನಿಂತಿದ್ದಳು.

"ಕುಸುಮಾ," ಅಪ್ಪನ ಸ್ವರ ಅಂಗಳ ದಾಟಿ ಬಂತು, "ಅಕ್ಕಿ ಹಾಕು!"

ಅಮ್ಮನಿಗಿಂತ ಮೊದಲು ಪ್ರಾಪ್ತಿಯೇ ಅಕ್ಕಿಯ ಡಬ್ಬಕ್ಕೆ ಕೈ ಹಾಕಿದಳು. ಅಕ್ಕಿ ತೊಳೆಯುತ್ತಾ ಕಿಟಕಿಯಾಚೆ ನೋಡಿದಳು. ಇಬ್ಬರೂ ಬೆನ್ನು ಹಾಕಿ ಮತ್ತೆ ಡ್ರಮ್ಮಿನೊಳಗೆ ಬಗ್ಗಿದ್ದರು. ಉಜ್ವಲನ ಹೊಸ ಬಿಳಿ ಅಂಗಿಯ ಬೆನ್ನ ಮೇಲೆ ಅಪ್ಪನ ಐದೂ ಬೆರಳು ನೀಲಿಯಾಗಿ ಮೂಡಿದ್ದವು.