ಮಗುಚಿಟ್ಟ ಗಾಜು

ಅಕ್ಕನಿಗೆ ಕಣ್ಣು ಕಾಣುವುದಿಲ್ಲ ಎಂಬುದು ಆ ಕೋಣೆಯಲ್ಲಿ ತಂಗಿಯೊಬ್ಬಳಿಗೇ ಗೊತ್ತಿತ್ತು. ಉಳಿದ ಆರು ಹೆಂಗಸರು ಅಕ್ಕನ ನಾಲಿಗೆಯನ್ನಷ್ಟೇ ಬಲ್ಲವರು. ಬೆನ್ನ ಹಿಂದೆ ಅವಳನ್ನು ಸೂಜಿ ಎನ್ನುತ್ತಿದ್ದರು, ಎದುರು ಬಂದರೆ ಅಕ್ಕಾ ಅಕ್ಕಾ ಎಂದು ಬೆಣ್ಣೆ ಹಚ್ಚುತ್ತಿದ್ದರು. ತಂಗಿಯನ್ನು ಮಾತ್ರ ಹಿಂದೂ ಮುಂದೂ ತಂಗಿ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತೆರಡಾಗಿದ್ದರೂ ಅವಳಿಗೆ ಬೇರೊಂದು ಗುರುತು ಬೇಕಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅದು ವೀಕ್ಷಣಾಲಯದ ಓದುಕೋಣೆ. ಓದುವುದೆಂದರೆ ಪುಸ್ತಕವನ್ನಲ್ಲ, ನಕ್ಷತ್ರಗಳನ್ನು. ರಾತ್ರಿಯ ಕೆಲಸದವರು ದೂರದರ್ಶಕದ ಮುಂದೆ ಬೆಳಕನ್ನು ಉದ್ದಕ್ಕೆ ಬಿಡಿಸುವ ಪಟ್ಟಕ ಕಟ್ಟಿ ತೆಗೆದ ಚಿತ್ರಗಳು ಗಾಜಿನ ಪ್ಲೇಟುಗಳಾಗಿ ಇಲ್ಲಿಗೆ ಬರುತ್ತಿದ್ದವು. ಕಿಟಕಿಯ ಪಕ್ಕದ ಓರೆ ಚೌಕಟ್ಟಿನಲ್ಲಿ ಪ್ಲೇಟು ಕೂರಿಸಿದರೆ ಕೆಳಗಿನ ಕನ್ನಡಿ ಹಗಲಿನ ಬೆಳಕನ್ನು ಅದರೊಳಕ್ಕೆ ಚೆಲ್ಲುತ್ತಿತ್ತು. ಪ್ಲೇಟಿನಲ್ಲಿ ನಕ್ಷತ್ರ ಚುಕ್ಕೆಯಾಗಿರುವುದಿಲ್ಲ. ಅಕ್ಕಿಕಾಳಿನುದ್ದದ ಮಸಿಯ ಎಳೆಯಾಗಿರುತ್ತದೆ, ಆ ಎಳೆಯ ಮೈಮೇಲೆ ಅಡ್ಡಡ್ಡ ಗೆರೆಗಳು. ಯಾವ ಗೆರೆ ದಪ್ಪ, ಯಾವುದು ತೆಳು, ಯಾವುದು ಇರಬೇಕಾದಲ್ಲಿ ಇಲ್ಲ ಎಂದು ಭೂತಗನ್ನಡಿಯಲ್ಲಿ ನೋಡಿ ಆ ನಕ್ಷತ್ರ ಎಷ್ಟು ಬಿಸಿ ಎಂದು ಹೇಳಬೇಕು. ಅದಕ್ಕೆ ಏಳು ಅಕ್ಷರ: ಓ, ಬಿ, ಎ, ಎಫ್, ಜಿ, ಕೆ, ಎಂ. ಉರಿಯುವ ನೀಲಿಯಿಂದ ಹಿಡಿದು ಆರುತ್ತ ಬಂದ ಕೆಂಡದ ಕೆಂಪಿನವರೆಗೆ. ಅಕ್ಷರಗಳ ಕ್ರಮವನ್ನು ಹಿಂದಿನವರು ಯಾರೋ ಕಲಸಿಟ್ಟು ಹೋಗಿದ್ದರು, ಸರಿಮಾಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಒಂದೊಂದು ಅಕ್ಷರದೊಳಗೂ ಸೊನ್ನೆಯಿಂದ ಒಂಬತ್ತರವರೆಗೆ ಮೆಟ್ಟಿಲು. ಎ ಎರಡಕ್ಕೂ ಎ ಮೂರಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಅದನ್ನು ಕಾಣುವ ಕಣ್ಣು ಸಾವಿರಕ್ಕೊಬ್ಬರಿಗೆ.

ಒಂದೊಂದು ಮೇಜಿಗೂ ಇಬ್ಬರು. ಒಬ್ಬಳು ಓದುವವಳು, ಒಬ್ಬಳು ಬರೆಯುವವಳು. ಓದುವವಳು ಎಲ್ಲರಿಗೂ ಕೇಳುವಂತೆ ಹೇಳಬೇಕು, ಬರೆಯುವವಳು ತುಟಿ ಹೊಲಿದುಕೊಂಡು ಬರೆಯಬೇಕು. ಮುಗಿದ ಮೇಲೆ ಎಲ್ಲ ಸೇರಿ ಮಹಾಪಟ್ಟಿಯಾಗಿ ಅಚ್ಚಾಗುತ್ತದೆ, ಮೊದಲ ಪುಟದಲ್ಲಿ ಓದಿದವರ ಹೆಸರಿರುತ್ತದೆ. ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಬರೆಯುವವಳು ಓದುವವಳಾಗಬೇಕಾದರೆ ಅವಳ ಮೇಜಿನ ಓದುವವಳೇ ಶಿಫಾರಸು ಮಾಡಬೇಕು.

ಅಕ್ಕ ಹತ್ತೊಂಬತ್ತು ವರ್ಷದಿಂದ ಓದುವವಳು, ತಂಗಿ ಒಂಬತ್ತು ವರ್ಷದಿಂದ ಅವಳ ಕೈ. ಈಗ ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಅಕ್ಕನ ಕಣ್ಣಿನ ನಡುಭಾಗ ಮಂಜಾಯಿತು. ಗೋಡೆಯ ಅಂಚು ಕಾಣುತ್ತಿತ್ತು, ಎದುರಿನವರ ಮುಖ ಕಾಣುತ್ತಿರಲಿಲ್ಲ. ಅವಳು ಅಳಲಿಲ್ಲ, ವೈದ್ಯರ ಹತ್ತಿರವೂ ಹೋಗಲಿಲ್ಲ. ತಂಗಿಯನ್ನು ಕರೆದು ಏರ್ಪಾಡು ಮಾಡಿದಳು, ಅಷ್ಟೆ.

ಏರ್ಪಾಡು ಹೀಗಿತ್ತು. ಕೋಣೆಗೆ ಉಳಿದವರು ಬರುವುದು ಒಂಬತ್ತಕ್ಕೆ, ಇವರಿಬ್ಬರು ಏಳಕ್ಕೇ ಹಾಜರು. ಆ ಎರಡು ಗಂಟೆಯಲ್ಲಿ ತಂಗಿ ಭೂತಗನ್ನಡಿಗೆ ಕಣ್ಣಿಟ್ಟು ನಲವತ್ತು ನಕ್ಷತ್ರ ಓದುತ್ತಿದ್ದಳು, ಅಕ್ಕ ಕಣ್ಣು ಮುಚ್ಚಿ ನೆನಪಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ನೆನಪೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ. ಭೂತಗನ್ನಡಿ ಸರಿಯುವ ಕಂಬಿಯಲ್ಲಿ ಕಚ್ಚುಗಳಿದ್ದವು. ಇಂಥ ಕಚ್ಚಿಗೆ ಇಂಥ ನಕ್ಷತ್ರ ಎಂದು ಬೆರಳಿಗೂ ಪಾಠವಾಗುತ್ತಿತ್ತು. ಒಂಬತ್ತಾದ ಮೇಲೆ ಅಕ್ಕ ಗತ್ತಿನಿಂದ ಭೂತಗನ್ನಡಿಗೆ ಬಗ್ಗಿ, "ಎಫ್ ಐದು. ಕೆ ಸೊನ್ನೆ. ಬರ್ಕೋ, ನಿದ್ದೆ ಮಾಡಬೇಡ" ಎನ್ನುವಳು. ತನ್ನ ಬಾಯಿಂದಲೇ ಹೊರಟಿದ್ದನ್ನು ಬೈಗುಳದ ಸಮೇತ ವಾಪಸು ಪಡೆದು ತಂಗಿ ಬರೆದುಕೊಳ್ಳುವಳು. ಹಾಗೆ ಇಪ್ಪತ್ತಮೂರು ಸಾವಿರ ನಕ್ಷತ್ರಗಳಾದವು. ಅಷ್ಟರಲ್ಲಿ ಒಂದಾದರೂ ತಪ್ಪಿದ್ದರೆ ತಂಗಿ ತನ್ನ ಕಿವಿ ಕೊಯ್ದುಕೊಡಲು ಸಿದ್ಧಳಿದ್ದಳು. ಅಕ್ಕನಿಗಿಂತ ತನ್ನ ಕಣ್ಣೇ ಒಂದು ಕೈ ಮೇಲು ಎಂದು ಅವಳಿಗೆ ಗೊತ್ತಾಗಿತ್ತು. ಯಾರಿಗೂ ಹೇಳುವಂತಿಲ್ಲದ ಹೆಮ್ಮೆ ಹೊಟ್ಟೆಯಲ್ಲಿ ಹುಳಿಯುತ್ತದೆ.

ಮಹಾಪಟ್ಟಿ ಅಚ್ಚಿಗೆ ಹೋಗಲು ಒಂದೇ ಪ್ಲೇಟು ಉಳಿದಿದ್ದಾಗ, ಹಿಂದಿನ ಸಂಜೆ ಮನೆಯಲ್ಲಿ ಅಕ್ಕನ ಜಡೆ ಬಿಚ್ಚಿ ಬಾಚುತ್ತ ತಂಗಿ ಕೇಳಿಯೇಬಿಟ್ಟಳು.

"ಅಕ್ಕ, ಮೊದಲ ಪುಟಕ್ಕೆ ನಿನ್ನ ಹೆಸರಿನ ಕೆಳಗೆ ನನ್ನದೂ ಸೇರಿಸೋಕೆ ಹೇಳ್ತೀಯಾ?"

"ಯಾತಕ್ಕೆ?"

"ಎರಡು ವರ್ಷದಿಂದ ಓದಿದ್ದು ನಾನು."

"ನೀನು ನೋಡಿದೆ. ನೋಡೋದು ಬೇರೆ, ಓದೋದು ಬೇರೆ. ನಾನು ಕಲಿಸದೆ ಇದ್ದಿದ್ರೆ ನಿನಗೆ ಗೆರೆಗೂ ಗೀರಿಗೂ ವ್ಯತ್ಯಾಸ ಗೊತ್ತಾಗ್ತಿತ್ತಾ?"

"ಹೋಗಲಿ, ಮುಂದಿನ ಪಟ್ಟಿಗಾದ್ರೂ ನನ್ನನ್ನ ಓದೋಳು ಮಾಡು ಅಂತ ಶಿಫಾರಸು ಬರಿ."

ಅಕ್ಕ ನಕ್ಕಳು. "ನಿನ್ನನ್ನ ಇನ್ನೊಂದು ಮೇಜಿಗೆ ಕೂರಿಸಿ ನಾನೇನು ಗೋಡೆ ಓದ್ಲಾ? ನೀನು ಹುಟ್ಟಿರೋದೇ ಬರೆಯೋಕೆ. ಸಿಕ್ಕು ಮೆಲ್ಲಗೆ ಬಿಡಿಸು, ಎಳೀಬೇಡ."

ತಂಗಿ ಮೆಲ್ಲಗೇ ಬಿಡಿಸಿದಳು. ಅಕ್ಕನದು ಭಯ ಎಂದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಒಂಬತ್ತು ವರ್ಷ ಬೈಸಿಕೊಂಡವಳಿಗೆ ಬೈದವರ ಭಯ ಕಂಡರೆ ಕನಿಕರ ಬರುವುದಿಲ್ಲ, ಕೈ ಕಡಿಯುತ್ತದೆ.

ಮರುದಿನ ಏಳು ಗಂಟೆಗೆ ಕೊನೆಯ ಪ್ಲೇಟಿನ ಪಾಠ ಎಂದಿನಂತೆಯೇ ಆಯಿತು. ಎಂಟೂಮುಕ್ಕಾಲಿಗೆ ಅಕ್ಕ ಮುಖ ತೊಳೆಯಲು ಗೋಡೆ ಹಿಡಿದು ಹೊರಗೆ ಹೋದಳು. ತಂಗಿ ಪ್ಲೇಟನ್ನು ಚೌಕಟ್ಟಿನಿಂದ ಎತ್ತಿ, ಅಂಗೈ ಮಗುಚಿದಷ್ಟು ಸಲೀಸಾಗಿ ಮಗುಚಿ, ಮತ್ತೆ ಕೂರಿಸಿದಳು. ಮಗುಚಿದ ಪ್ಲೇಟಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮೂಲೆಯಲ್ಲಿ ಶಾಯಿಯಿಂದ ಬರೆದ ಅಂಕಿಗಳೂ ಉಲ್ಟಾ ಕಾಣುತ್ತವೆ. ಕೆಲಸಕ್ಕೆ ಸೇರಿ ನಾಲ್ಕು ದಿನವಾದವಳೂ ನೋಡಿದ ತಕ್ಷಣ ತೆಗೆದು ಸರಿಯಾಗಿ ಇಡುವಂಥ ವಿಷಯ ಅದು. ನೋಡಿದರೆ ತಾನೆ.

ಕೊನೆಯ ಪ್ಲೇಟು ಎಂದು ನಿರ್ದೇಶಕರೂ ಬಂದರು. ಮೃದು ಮಾತಿನ, ಯಾವಾಗಲೂ ಕೈ ಒರೆಸಿಕೊಳ್ಳುವ ಮನುಷ್ಯ. ಹೆಂಗಸರೆಲ್ಲ ಮೇಜಿನ ಸುತ್ತ ನೆರೆದರು. ಎದುರು ಮೇಜಿನ ಓದುವವಳು, ಉದ್ದ ಕತ್ತಿನ ದೆಸೆಯಿಂದ ಕೊಕ್ಕರೆ ಎನಿಸಿಕೊಂಡವಳು, ಎಲ್ಲರ ತಲೆಯ ಮೇಲಿಂದ ಇಣುಕಿದಳು. ಜನ ಸೇರಿದ್ದು ಉಸಿರಿನಲ್ಲೇ ಗೊತ್ತಾಗಿ ಅಕ್ಕನಿಗೆ ಹುರುಪು ಬಂತು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮೊದಲ ಕಚ್ಚಿಗೆ ಭೂತಗನ್ನಡಿ ಸರಿಸಿದಳು.

"ಎ ಎರಡು. ಗೆರೆ ಅಗಲ, ಅಂಚು ಚೊಕ್ಕ. ಮುಂದಿನದು ಜಿ ಎಂಟು. ಇದರ ಪಕ್ಕದ್ದು ಎಂ ಮೂರು, ಕೆ ಅಂತ ಮೋಸ ಹೋಗೋ ಕಣ್ಣುಗಳೂ ಈ ಕೋಣೇಲಿವೆ."

ಕೊನೆಯ ಮಾತು ಕೊಕ್ಕರೆಗೆ ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ಕೊಕ್ಕರೆಯ ಕಣ್ಣು ಆಗಲೇ ಪ್ಲೇಟಿನ ಮೂಲೆಯ ಅಂಕಿಗಳ ಮೇಲೆ ಬಿದ್ದಿತ್ತು. ಅವಳು ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಪಕ್ಕದವಳು ಇನ್ನೊಬ್ಬಳನ್ನು ತಿವಿದಳು. ಹನ್ನೊಂದು ನಕ್ಷತ್ರ ಮುಗಿಯುವವರೆಗೂ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟು ಸವಿಯಾದದ್ದನ್ನು ಬೇಗ ಮುಗಿಸಲು ಯಾರಿಗೆ ಮನಸ್ಸಾದೀತು? ತಂಗಿಗೂ ಸವಿಯೇ ಆಗಿತ್ತು, ಸುಳ್ಳು ಹೇಳುವುದೇಕೆ. ಅಕ್ಕ ಹೇಳಿದ್ದನ್ನೆಲ್ಲ ಅವಳು ದುಂಡಗೆ ಬರೆಯುತ್ತ ಹೋದಳು.

ಹನ್ನೆರಡನೆಯದಕ್ಕೆ ನಿರ್ದೇಶಕರು ಬಗ್ಗಿದರು. "ಸ್ವಲ್ಪ ನಿಲ್ಸಿ. ಈಗ ಓದಿದ್ದೇನು?"

"ಬಿ ಒಂಬತ್ತು ಸಾರ್. ಎಷ್ಟು ನಿಚ್ಚಳವಾಗಿದೆ ನೋಡಿ."

"ಭೂತಗನ್ನಡಿಯ ಕೆಳಗೆ ನಕ್ಷತ್ರವೇ ಇಲ್ಲಮ್ಮ. ಬರೀ ಗಾಜಿದೆ."

ಯಾರೋ ಕಿಸಕ್ಕೆಂದರು. ಅಕ್ಕನ ಬೆರಳು ಕಂಬಿಯ ಕಚ್ಚು ಎಣಿಸಿತು, ಮತ್ತೆ ಎಣಿಸಿತು. ಆಮೇಲೆ ಪ್ಲೇಟಿನ ಮೇಲೆ ಹರಿದಾಡಿತು. ಮೇಲ್ಗಡೆ ಇರಬೇಕಾದ, ಚಿತ್ರ ಮೂಡಿದ ಲೇಪದ ಮಗ್ಗುಲು ಕೆಳಗಿತ್ತು, ನುಣ್ಣನೆಯ ಬರಿಗಾಜು ಬೆರಳಿಗೆ ಸಿಕ್ಕಿತು. ಇದನ್ನು ಮಗುಚಬಲ್ಲ ಕೈ ಯಾವುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ತಂಗಿ ಎದ್ದು ನಿಂತಳು. ಈ ಮಾತನ್ನು ಇಡೀ ರಾತ್ರಿ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದಳು.

"ಅಕ್ಕನಿಗೆ ಕಣ್ಣು ಕಾಣಲ್ಲ ಸಾರ್. ಬೆಳಿಗ್ಗೆ ಬಂದು ಓದೋದು ನಾನು, ಅವಳು ಬಾಯಿಪಾಠ ಒಪ್ಪಿಸ್ತಾಳೆ. ಬೇಕಾದ್ರೆ ಈಗಲೇ ಯಾವ ಪ್ಲೇಟಾದ್ರೂ ಕೊಡಿ, ನಿಮ್ಮೆದುರಿಗೇ ಓದ್ತೀನಿ. ನಾನು ಓದಿದ್ದಕ್ಕೆ ನನ್ನ ಹೆಸರು ಹಾಕಿ. ಅಷ್ಟೇ ನಾನು ಕೇಳೋದು."

ನಿರ್ದೇಶಕರು ಕೈ ಒರೆಸಿಕೊಂಡರು. "ಇವತ್ತು ಸರಿಯಾಗಿ ಓದಿದ್ರೆ ಇವತ್ತಿನದು ಸರಿ ಅಂತ ಆಯ್ತು. ಅವತ್ತು ಓದಿದ್ದನ್ನ ಓದೋಳು ಒಬ್ಬಳು ನೋಡಿ ಒಪ್ಪಿರಬೇಕು. ಹಾಗೆ ಒಪ್ಪಿದವರು ಯಾರಾದ್ರೂ ಇದ್ದಾರಾ?" ಎಂದು ಅಕ್ಕನ ಕಡೆ ತಿರುಗಿದರು. "ನೀವು ಹೇಳಿ. ಇವಳು ಓದಿದ್ದು ಸರಿ ಇದೆಯಾ? ನೀವು ಹೂಂ ಅಂದ್ರೆ ನಾನು ಇವಳ ಹೆಸರು ಹಾಕಿಸ್ತೀನಿ."

ಒಂದು ಹೂಂ. ಅದೊಂದು ಬಂದರೆ ಇಪ್ಪತ್ತಮೂರು ಸಾವಿರ ನಕ್ಷತ್ರ ತಂಗಿಯದಾಗುತ್ತಿದ್ದವು. ಅಕ್ಕ ಮುಖವನ್ನು ಅವಳಿದ್ದ ಕಡೆಗೆ ತಿರುಗಿಸಿದಳು, ನೋಟ ಮಾತ್ರ ಭುಜದ ಪಕ್ಕಕ್ಕೆ ಹೋಗಿ ಬಿತ್ತು.

"ನಾನು ಕುರುಡಿ ಅಂತ ಇಷ್ಟು ಜನರ ಮುಂದೆ ತೋರಿಸಿಕೊಟ್ಟಳಲ್ಲ ಸಾರ್," ಎಂದಳು ಅಕ್ಕ, ಸಾವಧಾನವಾಗಿ. "ಕುರುಡಿ ನೋಡಿ ಒಪ್ಪಿದ್ದೆ ಅಂತ ಹೇಗೆ ಹೇಳೋದು? ಅವಳು ಏನು ನೋಡಿದಳೋ, ಏನು ಹೇಳಿದಳೋ. ನಂಗೊತ್ತಿಲ್ಲ."

ಕೋಣೆಯಲ್ಲಿ ಕನ್ನಡಿಯ ಬೆಳಕು ಹಾಗೇ ಇತ್ತು. ತನ್ನ ಪರವಾಗಿ ಸಾಕ್ಷಿ ಹೇಳಬಲ್ಲ ಒಂದೇ ಜೀವದ ಬಾಯಿಯನ್ನು ತಾನೇ ಮುಚ್ಚಿದ್ದು ತಂಗಿಗೆ ಈಗ ಕಂಡಿತು.

"ಹಾಗಾದ್ರೆ ನನಗೆ ದಾರಿ ಇಲ್ಲ," ಎಂದು ನಿರ್ದೇಶಕರು ತಂಗಿಯ ಕಡೆ ತಿರುಗಿದರು. "ಸರಿ ಇರಬಹುದು ಅನ್ನೋದನ್ನ ನಾನು ಅಚ್ಚು ಹಾಕಿಸೋಕೆ ಆಗಲ್ಲ, ಎಲ್ಲ ಮತ್ತೆ ಓದಿಸೋಕೆ ಹೊತ್ತೂ ಇಲ್ಲ. ಅಕ್ಕ ಕಣ್ಣಿಂದ ನೋಡಿ ಓದಿದ್ದು ಇರಲಿ, ಉಳಿದದ್ದು ಹೊಡೆದುಹಾಕಬೇಕು. ಯಾವಾಗಿಂದ ಹೀಗಾಗಿದೆ ಹೇಳು. ಈ ವಾರದಿಂದ ಅಂದ್ರೆ ಈ ಪ್ಲೇಟೊಂದನ್ನ ಬಿಟ್ಟು ಮಿಕ್ಕಿದ್ದು ಅಚ್ಚಿಗೆ ಹೋಗುತ್ತೆ." ಅವರಿಗೆ ಈ ವಾರವೇ ಆಗಲಿ ಎಂಬ ಆಸೆ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಈ ವಾರ ಎಂದರೆ ಅವಳ ನಕ್ಷತ್ರಗಳು ಉಳಿಯುತ್ತಿದ್ದವು, ಅಕ್ಕನ ಹೆಸರಿನ ಕೆಳಗೆ. ಎರಡು ವರ್ಷ ನಾಲ್ಕು ತಿಂಗಳು ಎಂದು ನಿಜ ಹೇಳಿದರೆ ಅವಳವು ಸಾಯುತ್ತಿದ್ದವು, ಅಕ್ಕನವು ಬದುಕುತ್ತಿದ್ದವು. ಎರಡರಲ್ಲೂ ಮೊದಲ ಪುಟದಲ್ಲಿ ಅಕ್ಕ ಇದ್ದಳು. ಅಕ್ಕನಿಗೂ ಅದು ಲೆಕ್ಕವಾಗಿರಬೇಕು, ತುಟಿಯ ತುದಿಯಲ್ಲಿ ನಗು ಬಂದು ಕೂತಿತ್ತು.

"ಏಳು ವರ್ಷದಿಂದ ಸಾರ್," ಎಂದಳು ತಂಗಿ.

ಮಹಾಪಟ್ಟಿ ಶುರುವಾಗಿ ಏಳು ವರ್ಷವಾಗಿತ್ತು.

"ಸುಳ್ಳು," ಅಕ್ಕ ಎದ್ದಳು, ಮಂಡಿ ಮೇಜಿಗೆ ಬಡಿಯಿತು. "ಸುಳ್ಳು ಸಾರ್. ಮೊದಲ ನಾಲ್ಕೂವರೆ ವರ್ಷ ಒಂದೊಂದೂ ನನ್ನ ಕಣ್ಣಿಂದ ಓದಿದ್ದು. ಇವಳನ್ನೇ ಕೇಳಿ."

"ಅವಳನ್ನೇ ಕೇಳಿದೆ," ಎಂದರು ನಿರ್ದೇಶಕರು. ಆಮೇಲೆ ಉಳಿದವರನ್ನು ನೋಡಿದರು. "ನಿಮಗ್ಯಾರಿಗಾದ್ರೂ ಗೊತ್ತಿತ್ತಾ?"

ಕೊಕ್ಕರೆ ಕತ್ತು ಉದ್ದ ಮಾಡಿದಳು. ಅವಳ ಓದಿನಲ್ಲಿ ತಪ್ಪು ಹಿಡಿದು ಅಕ್ಕ ಅವಳನ್ನು ನಿಲ್ಲಿಸಿ ಇಡೀ ಕೋಣೆಗೆ ಕೇಳಿಸುವಂತೆ ಓದಿಸಿದ್ದು ಎಷ್ಟು ಸಲವೋ. "ಏಳು ವರ್ಷದ ಹಿಂದೇನೇ ನಂಗೆ ಅನುಮಾನ ಇತ್ತು ಸಾರ್. ದೊಡ್ಡವರು ಅಂತ ಸುಮ್ಮನಿದ್ದೆ," ಎಂದಳು. ಉಳಿದವರು ತಲೆ ಆಡಿಸಿದರು. ಒಬ್ಬಳಂತೂ ಎಂಟು ವರ್ಷ ಇರಬಹುದು ಎಂದಳು.

ನಿರ್ದೇಶಕರು ಕಪಾಟಿನಿಂದ ಆ ಮೇಜಿನ ದಫ್ತರಗಳನ್ನೆಲ್ಲ ಇಳಿಸಲು ಹೇಳಿ, ತಂಗಿಯ ಕೈಗೆ ಕೆಂಪು ಪೆನ್ಸಿಲ್ ಕೊಟ್ಟರು. ಪುಟಕ್ಕೊಂದು ಓರೆ ಗೆರೆ ಸಾಕು, ಇಬ್ಬರೂ ನಾಳೆಯಿಂದ ಬರುವುದು ಬೇಡ ಎಂದು ಮೃದುವಾಗಿಯೇ ಹೇಳಿ ಹೋದರು. ಅಕ್ಕ ಮನೆಗೆ ಹೋಗುತ್ತೇನೆಂದು ಬಾಗಿಲವರೆಗೆ ಹೋಗಿ ನಿಂತಳು. ರಸ್ತೆ ದಾಟಿಸುವ ಕೈ ಇಲ್ಲಿ ಪೆನ್ಸಿಲ್ ಹಿಡಿದು ಕೂತಿತ್ತು. ಕೊಕ್ಕರೆಯ ಕೈ ಹಿಡಿಯುವುದಕ್ಕಿಂತ ಕಾಯುವುದು ಮೇಲೆಂದು ವಾಪಸು ಬಂದು ತನ್ನ ಕುರ್ಚಿಯಲ್ಲೇ ಕೂತಳು.

ತಂಗಿ ಕೊನೆಯ ದಫ್ತರದಿಂದ ಹಿಂದಕ್ಕೆ ಹೊರಟಳು. ಪುಟ ತಿರುವುವುದು, ಗೆರೆ ಎಳೆಯುವುದು. ಈ ಎಂ ಐದು, ಇದನ್ನು ಹಿಡಿಯಲು ಮೂರು ಬೆಳಗು ಬೇಕಾಗಿತ್ತು. ಈ ಓ ಒಂಬತ್ತು, ಇಡೀ ವರ್ಷಕ್ಕೆ ಸಿಕ್ಕಿದ್ದು ಅದೊಂದೇ. ಗೆರೆ. ಕಣ್ಣಲ್ಲಿ ನೀರು ಬಂದು ಅಂಕಿಗಳು ಕಲಸಿಹೋದವು, ಆದರೂ ಕೈ ನಿಲ್ಲಲಿಲ್ಲ. ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿ ಬಂದರು. ಅಕ್ಕ ಅಲುಗಾಡದೆ ಪೆನ್ಸಿಲ್ಲಿನ ಸದ್ದು ಕೇಳುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ಸದ್ದು ನಿಂತಿತು.

"ಮುಗೀತಾ?" ಎಂದಳು ಅಕ್ಕ.

ತಂಗಿ ಪೆನ್ಸಿಲ್ಲಿನ ಮೊನೆ ಚೂಪು ಮಾಡಿಕೊಂಡು, ಮುಂದಿನ ದಫ್ತರವನ್ನು ಹತ್ತಿರ ಎಳೆದುಕೊಂಡಳು.

"ನನ್ನದು ಮುಗೀತು ಅಕ್ಕ. ಈಗ ನಿನ್ನದು."