ಅಂಕಮ್ಮನ ಎದೆಯ ಸದ್ದು

ಬನಶಂಕರಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ, ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟಿ ನೋಡಿ ರೋಗ ಹೇಳುವ ಪರೀಕ್ಷೆಗೆ ಅಂಕಮ್ಮ ಖಾಯಂ ಪೇಷಂಟು. ಹೃದಯದ ಕವಾಟವೊಂದು ಕಿರಿದಾಗಿ ಅವಳ ಎದೆಯಲ್ಲಿ ಗುಡುಗುಡು ಸದ್ದು. ಡಾಕ್ಟರುಗಳು ಅದನ್ನು ಮರ್ಮರ್ ಎನ್ನುತ್ತಾರೆ. ಪ್ರತಿ ವರ್ಷ ಹನುಮಂತನಗರದಿಂದ ಬಸ್ಸು ಹತ್ತಿ ಬಂದು, ಕಿಟಕಿ ಪಕ್ಕದ ಮಂಚದಲ್ಲಿ ಮಲಗಿ, ಮಧ್ಯಾಹ್ನದ ಊಟ ಮುಗಿಸಿ ಹೋಗುತ್ತಿದ್ದಳು. ಕಿಟಕಿ ಪಕ್ಕ ಅಂಕಮ್ಮ, ಅಂಕಮ್ಮ ಅಂದರೆ ಮರ್ಮರ್ ಎಂದು ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಡುತ್ತಿದ್ದರು. ಪುಣ್ಯಾತ್ಮರು ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾಯಿಪಾಠ ಒಪ್ಪಿಸಿ ಪಾಸಾಗುತ್ತಿದ್ದರು. ಇವರ ಕೈಗೆ ನಮ್ಮ ಎದೆ ಕೊಡಬೇಕಲ್ಲ, ದೇವರೇ!

ಬಿಟಿಎಂ ಲೇಔಟಿನ ಪಿಜಿ ಹಾಸ್ಟೆಲಿನಲ್ಲಿದ್ದ ಪ್ರಿಯಾಂಕಾಗೆ ಈ ಪರೀಕ್ಷೆ ಎರಡನೇ ಸಲ. ಹೋದ ಸಲ, ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದು ನಿಜ ಹೇಳಿ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಸಾಕು, ಮದುವೆ ಮಾಡಿಬಿಡುತ್ತೇನೆ ಎಂದು ಹುಬ್ಬಳ್ಳಿಯಿಂದ ಅಪ್ಪ ಖಡಾಖಂಡಿತವಾಗಿ ಹೇಳಿದ್ದ.

ಅವಳ ಸರದಿ ಕೊನೆಗೆ ಬಂತು. ಮುಟ್ಟುವ ಮೊದಲು ಪೇಷಂಟಿನ ಅಪ್ಪಣೆ ಕೇಳಬೇಕು, ಅದಕ್ಕೂ ಅಂಕವಿದೆ. ಎಲ್ಲರೂ ಕೇಳಿದ್ದರು, ಉತ್ತರಕ್ಕೆ ಯಾರೂ ಕಾದಿರಲಿಲ್ಲ. ಪ್ರಿಯಾಂಕಾ ಕಾದಳು. ಅಂಕಮ್ಮ ಕಣ್ಣು ತೆರೆಯಲಿಲ್ಲ. ನಿದ್ದೆ ಇರಬೇಕು ಎಂದುಕೊಂಡು ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಮೈ ತಣ್ಣಗಿತ್ತು. ಫ್ಯಾನಿನ ಗಾಳಿ ಇರಬೇಕು ಎಂದುಕೊಂಡಳು.

ಸದ್ದೇ ಇಲ್ಲ. ಇನ್ನೊಂದು ಕಡೆ ಇಟ್ಟಳು, ಅಲ್ಲೂ ಇಲ್ಲ. ಪಾಳುಬಾವಿಗೆ ಕಿವಿ ಕೊಟ್ಟ ಹಾಗಿತ್ತು. ಆಮೇಲೆ ಎಷ್ಟೋ ಆಳದಿಂದ, ಸ್ಟೆತಸ್ಕೋಪಿನ ಒಳಗೇ ಒಂದು ದನಿ ಬಂತು.

"ಏನ್ ಕೇಳಿಸ್ತವ್ವ? ನೀನಾದ್ರೂ ನಿಜ ಹೇಳು."

ಅಂಕಮ್ಮನ ತುಟಿ ಅಲುಗಿರಲಿಲ್ಲ. ಪ್ರಿಯಾಂಕಾ ಸ್ಟೆತಸ್ಕೋಪನ್ನು ಕಿವಿಯಿಂದ ಕಿತ್ತಳು. ಅಷ್ಟರಲ್ಲಿ ಪರೀಕ್ಷಕ ಸಂಜೀವಯ್ಯನವರು ಪೆನ್ನು ಹಿಡಿದು ಪಕ್ಕದಲ್ಲಿ ನಿಂತು, ಏನಮ್ಮ ಕೇಳಿಸಿತು ಎಂದರು. ಅವಳ ಕಣ್ಣ ಮುಂದೆ ಅಪ್ಪನ ಮುಖ ಬಂತು.

"ಮರ್ಮರ್ ಸಾರ್," ಎಂದಳು. "ಗುಡುಗುಡು ಅಂತ, ಕ್ಲಿಯರಾಗಿದೆ."

ಅವರು ತಲೆಯಾಡಿಸಿ ಅಂಕ ಬರೆದುಕೊಂಡರು.

ವಾರ್ಡಿನ ಅಟೆಂಡರ್ ಬೋರಣ್ಣ ಊಟದ ತಟ್ಟೆ ತಂದು ಅಂಕಮ್ಮನನ್ನು ಕೂಗಿದ, ಭುಜ ಅಲ್ಲಾಡಿಸಿದ. ತೋಳು ಮರದ ಕೊರಡಿನಂತೆ ಸೆಟೆದಿತ್ತು. ಡ್ಯೂಟಿ ಡಾಕ್ಟರು ಓಡಿ ಬಂದು ನೋಡಿ, ಪರೀಕ್ಷೆ ಶುರುವಾಗುವ ಮೊದಲೇ ಜೀವ ಹೋಗಿದೆ ಎಂದರು. ಮರ್ಮರ್ ಕೇಳಿಸಿಕೊಂಡವರೆಲ್ಲ ಗೋಡೆಗೆ ಒತ್ತಿ ನಿಂತರು. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಪ್ರಿಯಾಂಕಾಗೆ ತಡೆದುಕೊಳ್ಳಲಾಗಲಿಲ್ಲ.

"ಸಾರ್, ನಂಗೇನೂ ಕೇಳಿಸ್ಲಿಲ್ಲ. ಒಂದು ಸದ್ದೂ ಇರ್ಲಿಲ್ಲ. ಸುಳ್ಳು ಹೇಳ್ದೆ."

ಸಂಜೀವಯ್ಯನವರು ಹೆಣದ ಕಡೆ ತಿರುಗಲೇ ಇಲ್ಲ. ಅಂಕಪಟ್ಟಿಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು.

"ಎಲ್ರಿಗೂ ಕೇಳಿಸಿದೆ. ನಂಗೂ ಕೇಳಿಸಿದೆ," ಎಂದರು. "ಪಾಸಾಗಿದೀಯಲ್ಲ, ಹೋಗಮ್ಮ."